ಬೀಟ್ ಪಲ್ಪ್ ಹಾಕಿದ ಮೇಲೆ ಕುದುರೆ ಸರಿಯಿಲ್ಲ ಅಂದರೆ ತಪ್ಪು ಎಲ್ಲಿ ಹುಡುಕಬೇಕು

ಬೀಟ್ ಪಲ್ಪ್ ಅಂದರೆ ಸಕ್ಕರೆ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಒಣ ನಾರು, ನೆನೆಸಿ ಕೊಡುವ ಮೇವು. ಅದನ್ನು ಶುರು ಮಾಡಿದ ಮೇಲೆ ಕುದುರೆ ಸರಿಯಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಕುದುರೆ ವಿಷಯ ಆಮೇಲೆ ಕೇಳುತ್ತೇನೆ. ಮೊದಲು ಬಕೆಟ್ ವಿಷಯ. ನೀರು ಎಷ್ಟು ಹಾಕಿದಿರಿ? ಎಷ್ಟು ಹೊತ್ತಿಗೆ ಹಾಕಿದಿರಿ? ಒಂದು ಕಿಲೋ ಅಂದಿರಲ್ಲ, ಅದು ಒಣ ತೂಕವೋ ನೆಂದ ತೂಕವೋ? ಈ ಮೂರಕ್ಕೆ ಸರಿಯಾದ ಉತ್ತರ ಸಿಗುವಷ್ಟರಲ್ಲಿ ಎಷ್ಟೋ ದೂರುಗಳು ಅಲ್ಲೇ ಬಗೆಹರಿದಿರುತ್ತವೆ. ಉಳಿದವಕ್ಕೆ ಬಾನಿ ನೋಡಬೇಕು, ಲದ್ದಿ ನೋಡಬೇಕು. ಮೈಸೂರಿನಲ್ಲಿ ರೇಸಿನ ಲಾಯ, ಪೊಲೀಸರ ಅಶ್ವದಳ, ಅರಮನೆ ಸುತ್ತ ಓಡುವ ಟಾಂಗಾ, ಸವಾರಿ ಕಲಿಸುವ ಸಣ್ಣಪುಟ್ಟ ಜಾಗಗಳು ಎಲ್ಲಾ ಇರುವುದರಿಂದ ಕುದುರೆ ಮೇವಿನ ಬಗ್ಗೆ ಸಲಹೆಗೇನೂ ಬರವಿಲ್ಲ. ಆದರೆ ಹುರುಳಿ, ಓಟ್ಸ್, ಬೂಸಾ ಅಂದರೆ ಅರೆನಿದ್ರೆಯಲ್ಲೂ ಲೆಕ್ಕ ಹೇಳುವವರಿಗೂ ಬೀಟ್ ಪಲ್ಪ್ ಹೊಸದು. ಹಾಗಾಗಿ ಏನೇ ಆದರೂ ದೂರು ಅದರ ಮೇಲೇ.

ಮೂಗಿನಿಂದ ಮೇವು ಬರುತ್ತಿದೆಯಾ? ಉಳಿದದ್ದು ಬಿಡಿ, ಇದನ್ನು ಮೊದಲು ಓದಿ

ತಿನ್ನುತ್ತಿದ್ದ ಕುದುರೆ ಏಕಾಏಕಿ ನಿಲ್ಲಿಸಿ ಕತ್ತು ಉದ್ದಕ್ಕೆ ಚಾಚುತ್ತದೆ. ಕೆಮ್ಮುತ್ತದೆ, ಜೊಲ್ಲು ಸುರಿಸುತ್ತದೆ, ಎರಡೂ ಹೊಳ್ಳೆಯಿಂದ ಮೇವಿನ ಚೂರು ಬೆರೆತ ನೀರು ಇಳಿಯುತ್ತದೆ. ಇದು ನೆಗಡಿ ಅಲ್ಲ. ಅನ್ನನಾಳದಲ್ಲಿ ಮೇವು ಸಿಕ್ಕಿಕೊಂಡಿದೆ, ಅಂದರೆ ಚೋಕ್ ಆಗಿದೆ. ಉಸಿರಿನ ಕೊಳವೆ ಬೇರೆ ಇರುವುದರಿಂದ ಕುದುರೆ ಉಸಿರಾಡುತ್ತಲೇ ಇರುತ್ತದೆ, ಆ ಮಟ್ಟಿಗೆ ಗಾಬರಿ ಬೇಡ. ಕತ್ತಿನ ಎಡಗಡೆ ಕೈಯಾಡಿಸಿದರೆ ಕೆಲವು ಸಲ ಗಂಟು ಕೈಗೇ ಸಿಗುತ್ತದೆ.

ಮೇವು ತೆಗೆಯಿರಿ. ನೀರಿನ ಬಕೆಟ್ಟನ್ನೂ ತೆಗೆಯಿರಿ. ಕೆಳಗೆ ಹಾಸಿದ ಹುಲ್ಲಿಗೂ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ತಲೆ ತಗ್ಗಿಸಿ ಸುಮ್ಮನೆ ನಿಲ್ಲಲು ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಕುದುರೆ ನೋಡುವ ಡಾಕ್ಟರು ಯಾರೂ ಸಿಗದಿದ್ದರೆ 1962, ಪಶು ಸಹಾಯವಾಣಿ. ಡಾಕ್ಟರು ಬರುವಷ್ಟರಲ್ಲಿ ತಾನಾಗಿಯೇ ಇಳಿದು ಹೋಗುವುದೂ ಉಂಟು. ಹಾಗಾದರೆ ಒಳ್ಳೆಯದೇ, ಆದರೂ ಅವರು ಬಂದು ನೋಡಿ ಹೋಗಲಿ.

ಇನ್ನು ಏನು ಮಾಡಬಾರದು ಅಂದರೆ, ಗೊಟ್ಟ (ಬಾಯಿಗೆ ಔಷಧಿ ಸುರಿಯುವ ಬಿದಿರಿನ ಕೊಳವೆ) ಎತ್ತಬಾರದು. ಮಂಡ್ಯ ಕಡೆ ಹಳ್ಳಿಗಳಲ್ಲಿ ದನಕ್ಕೆ ಏನಾದರೂ ಆದರೆ ಮೊದಲು ಕೈಗೆ ಬರುವುದೇ ಗೊಟ್ಟ, ಅದೇ ಅಭ್ಯಾಸದಲ್ಲಿ ಕುದುರೆಯ ತಲೆ ಮೇಲೆತ್ತಿ ಹಿಡಿದು ಎಣ್ಣೆಯೋ ಮಜ್ಜಿಗೆಯೋ ಬಿಸಿನೀರೋ ಸುರಿದುಬಿಡುತ್ತಾರೆ. ದಾರಿ ಮುಚ್ಚಿರುವಾಗ ಸುರಿದದ್ದು ಹೊಟ್ಟೆಗೆ ಹೋಗುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಗಂಟಲು ಬಿಟ್ಟುಕೊಂಡು ಎರಡು ದಿನವಾದ ಮೇಲೆ ಜ್ವರ, ಕೆಮ್ಮು, ನ್ಯುಮೋನಿಯಾ ಬಂದು ಕುದುರೆ ಕೈಬಿಟ್ಟು ಹೋಗುವುದು ಹೀಗೆ. ಬಾಯಿಗೆ ತೋಟದ ಪೈಪ್ ತುರುಕಿ ನೀರು ಬಿಡುವುದಂತೂ ಬೇಡವೇ ಬೇಡ. ಅದಕ್ಕೆ ಸರಿಯಾದ ಟ್ಯೂಬ್ ಇರುತ್ತದೆ, ಅದನ್ನು ಹಾಕುವುದು ಡಾಕ್ಟರ ಕೆಲಸ. ಚೋಕ್ ಬಿಟ್ಟ ಮೇಲೂ ಕೆಲವು ದಿನ ಥರ್ಮಾಮೀಟರ್ ಇಟ್ಟು ನೋಡುತ್ತಿರಿ.

ಕಾರಣ ಆಮೇಲೆ ಹುಡುಕಿ. ಪಲ್ಪ್ ಪೂರ್ತಿ ನೆಂದಿರಲಿಲ್ಲವಾ, ಹಲ್ಲು ಕೆಟ್ಟಿದೆಯಾ, ಅಥವಾ ಪಕ್ಕದ ಕುದುರೆ ಕಸಿದುಕೊಳ್ಳುತ್ತದೆ ಅನ್ನುವ ಭಯಕ್ಕೆ ಗಬಗಬ ನುಂಗುತ್ತಿದೆಯಾ? ಕೊನೆಯದಾಗಿದ್ದರೆ ಬೇರೆ ಕಟ್ಟಿ ಹಾಕಿ. ಬಾನಿಯಲ್ಲಿ ಬಾಯಿಗೆ ಹಿಡಿಯದಷ್ಟು ದೊಡ್ಡ, ನುಣುಪಾದ ಎರಡು ಮೂರು ಕಲ್ಲು ಇಡಿ. ಕಲ್ಲು ಸರಿಸಿ ಸರಿಸಿ ತಿನ್ನಬೇಕಾಗುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಒಮ್ಮೆ ಚೋಕ್ ಆದ ಕುದುರೆಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ, ಅದಕ್ಕೆ ಗಂಜಿಯಷ್ಟು ಸಡಿಲ ಮಾಡಿಯೇ ಕೊಡಿ.

ಒಣ ಪಲ್ಪ್ ತಿಂದರೆ ಹೊಟ್ಟೆಯಲ್ಲಿ ಉಬ್ಬಿ ಹೊಟ್ಟೆ ಒಡೆಯುತ್ತದೆ ಅನ್ನುವ ಮಾತು ಎಲ್ಲಾ ಲಾಯದಲ್ಲೂ ಕೇಳುತ್ತೀರಿ. ಕುದುರೆ ವಾಂತಿ ಮಾಡಲಾರದು ನಿಜ, ಅದರ ಜಠರ ಮೈಗೆ ಹೋಲಿಸಿದರೆ ಚಿಕ್ಕದು ಅನ್ನುವುದೂ ನಿಜ. ಆದರೆ ಅಗಿಯುವಾಗ ಜೊಲ್ಲು ಸೇರುತ್ತದೆ, ತಿಂದದ್ದು ಜಠರದಿಂದ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಒಣ ಪಲ್ಪನ್ನೇ ತಿನ್ನಿಸಿ ನೋಡಿದ ಪ್ರಯೋಗಗಳಲ್ಲಿ ಯಾವ ಕುದುರೆಯ ಹೊಟ್ಟೆಯೂ ಒಡೆದಿಲ್ಲ. ಅಪಾಯ ಇರುವುದು ಗಂಟಲಿನಲ್ಲಿ, ಹೊಟ್ಟೆಯಲ್ಲಲ್ಲ. ಹಾಗಂತ ನೆನೆಸದೆ ಹಾಕಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಸೆಕೆಯಲ್ಲಿ ಕುದುರೆಯ ಹೊಟ್ಟೆಗೆ ನೀರು ಸೇರಿಸಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಚೀಲದಲ್ಲಿ ಇರುವುದು ಏನು ಅಂತ ಮೊದಲು ನೋಡಿ

ನಮ್ಮಲ್ಲಿ ಕಬ್ಬು ಇದ್ದ ಹಾಗೆ ಯುರೋಪು, ಅಮೆರಿಕದ ಚಳಿ ಸೀಮೆಗಳಲ್ಲಿ ಸಕ್ಕರೆ ಬೀಟ್. ಗೆಡ್ಡೆಯನ್ನು ಸಣ್ಣಗೆ ಹೆಚ್ಚಿ ಬಿಸಿನೀರಿನಲ್ಲಿ ಸಕ್ಕರೆ ಇಳಿಸಿಕೊಂಡ ಮೇಲೆ ಉಳಿಯುವ ನಾರನ್ನು ಒಣಗಿಸಿದರೆ ಅದೇ ಪಲ್ಪ್. ಸಕ್ಕರೆ ಆಗಲೇ ಹೋಗಿಬಿಟ್ಟಿದೆ. ಉಳಿದದ್ದು ಕುದುರೆಯ ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳು ಸುಲಭವಾಗಿ ಕರಗಿಸುವ ನಾರು, ಅದರಲ್ಲೂ ಪೆಕ್ಟಿನ್.

ಇದು ಚೂರಿನ ರೂಪದಲ್ಲಿ ಬರುತ್ತದೆ, ಗಟ್ಟಿ ಗುಳಿಗೆಯ ರೂಪದಲ್ಲಿ ಬರುತ್ತದೆ, ಬೇಯಿಸಿ ಚಪ್ಪಟೆ ಮಾಡಿದ ಬೇಗ ನೆನೆಯುವ ರೂಪದಲ್ಲೂ ಬರುತ್ತದೆ. ಮೂರಕ್ಕೂ ನೀರು ಬೇರೆ, ಹೊತ್ತು ಬೇರೆ. ಮೊದಲ ಚೀಲ ಹತ್ತು ನಿಮಿಷದಲ್ಲಿ ನೆನೆಯುವಂಥದ್ದು, ಎರಡನೆಯ ಸಲ ಅಂಗಡಿಯವನು ಕೊಟ್ಟದ್ದು ಗುಳಿಗೆ, ಲಾಯದ ಹುಡುಗ ಎರಡಕ್ಕೂ ಹತ್ತೇ ನಿಮಿಷ ಕೊಟ್ಟ. ಇಂಥದ್ದು ಆಗುತ್ತಲೇ ಇರುತ್ತದೆ. ಕೆಲವಕ್ಕೆ ಕಾಕಂಬಿ (ಮೊಲಾಸಸ್) ಸೇರಿಸಿರುತ್ತಾರೆ, ಅದನ್ನೂ ಚೀಲದ ಮೇಲೆ ಓದಿಕೊಳ್ಳಿ.

ಇನ್ನೊಂದು ವಿಷಯ, ಇದು ಪ್ರಾಣದ ವಿಷಯ. ಬೀಟ್ ಪಲ್ಪ್ ಹಾಲಿನ ದನಕ್ಕೂ ಹಾಕುತ್ತಾರೆ. ಬರೀ ಪಲ್ಪ್ ಆಗಿದ್ದರೆ ಅಡ್ಡಿಯಿಲ್ಲ. ಆದರೆ ದನದ ಮಿಶ್ರಣದ ಚೀಲ ಆಗಿದ್ದರೆ ಅದರಲ್ಲಿ ಮೊನೆನ್ಸಿನ್ ಅನ್ನುವ ಔಷಧಿ ಇರಬಹುದು. ದನಕ್ಕೆ ಅದು ಒಳ್ಳೆಯದು, ಕುದುರೆಗೆ ವಿಷ. ಸ್ವಲ್ಪವೇ ಹೋದರೂ ಹೃದಯದ ಸ್ನಾಯು ಹಾಳಾಗುತ್ತದೆ. ಪಲ್ಪ್ ತಿಂದ ಮೇಲೆ ಕುದುರೆ ಮೇವು ಬಿಟ್ಟು ಬೆವರುತ್ತಾ ತೂರಾಡುತ್ತಾ ನಿಂತಿದ್ದರೆ ಚೀಲ ಬಿಸಾಡಬೇಡಿ, ಡಾಕ್ಟರಿಗೆ ತೋರಿಸಲು ಇಟ್ಟುಕೊಳ್ಳಿ.

ಬಕೆಟ್ ಪರೀಕ್ಷೆ

"ನೆನೆಸಿದ್ದೆ ಸಾರ್" ಅನ್ನುವ ಉತ್ತರಕ್ಕೆ ಅರ್ಥವೇ ಇಲ್ಲ. "ಎಷ್ಟು ಹೊತ್ತಿಗೆ ನೆನೆಹಾಕಿದೆ ಅಣ್ಣ, ಎಷ್ಟು ಚೊಂಬು ನೀರು ಹಾಕಿದೆ?" ಅಂತ ಕೇಳಬೇಕು. ಬೈಯುವ ದನಿಯಲ್ಲಿ ಕೇಳಿದರೆ ನಿಜ ಬರುವುದಿಲ್ಲ, ನೆನಪಿರಲಿ.

ಚೂರಿನ ಪಲ್ಪಿಗೆ ಒಂದು ಪಾಲಿಗೆ ಕನಿಷ್ಠ ಎರಡು ಪಾಲು ನೀರು, ತಣ್ಣೀರಾದರೆ ಒಂದೆರಡು ಗಂಟೆ. ಗುಳಿಗೆಗೆ ಒಂದಕ್ಕೆ ನಾಲ್ಕು ಪಾಲು, ತಣ್ಣೀರಿನಲ್ಲಿ ಹಲವು ಗಂಟೆ, ಬಿಸಿನೀರು ಹಾಕಿದರೆ ಒಂದೆರಡು ಗಂಟೆಯಲ್ಲೇ ಆಗುತ್ತದೆ. ಚೀಲದ ಮೇಲೆ ಇದಕ್ಕಿಂತ ಜಾಸ್ತಿ ಹೊತ್ತು ಬರೆದಿದ್ದರೆ ಚೀಲದ ಮಾತೇ ಕೇಳಿ.

ಆದರೆ ಗಡಿಯಾರಕ್ಕಿಂತ ಬೆರಳನ್ನು ನಂಬಿ. ಬಕೆಟ್‌ನ ಮೇಲಿನದನ್ನಲ್ಲ, ತಳದವರೆಗೆ ಕೈ ಹಾಕಿ ಒಂದು ಹಿಡಿ ತೆಗೆಯಿರಿ. ಅಂಗೈ ಮೇಲೆ ಒಂದು ಗುಳಿಗೆ ಇಟ್ಟು ಹೆಬ್ಬೆರಳಿನಿಂದ ಅಮುಕಿ. ಮೇಲೆಲ್ಲ ಅರಳಿ ಮೆತ್ತಗಾಗಿರುತ್ತದೆ, ಆದರೆ ಒಳಗೆ ಹುಣಸೆ ಬೀಜದ ಹಾಗೆ ಒಂದು ಗಟ್ಟಿ ತುಂಡು ಬೆರಳಿಗೆ ತಾಕಿದರೆ ಅದು ಇನ್ನೂ ಆಗಿಲ್ಲ. ಅಂಥದ್ದು ಒಂದು ಹಿಡಿಯಲ್ಲಿ ಒಂದೇ ಸಿಕ್ಕರೂ ಇಡೀ ಬಕೆಟ್ ಇನ್ನೂ ಕಾಯಬೇಕು. ಸರಿಯಾಗಿ ನೆಂದದ್ದು ಪೂರ್ತಿ ಬಿಡಿಬಿಡಿಯಾಗಿ ಉದುರುತ್ತದೆ. ಹಿಂಡಿದರೆ ಬೆರಳ ಸಂದಿಯಲ್ಲಿ ಸ್ವಲ್ಪ ನೀರು ಬರುತ್ತದೆ, ಉಳಿದ ನೀರು ಬಕೆಟ್‌ನ ತಳದಲ್ಲಿ ಒಂದು ಬೆರಳಿನಷ್ಟು ನಿಂತಿರುತ್ತದೆ. ತಳದಲ್ಲಿ ನೀರೇ ಇಲ್ಲ, ಎಲ್ಲಾ ಹೀರಿಕೊಂಡು ಒಣಒಣ ಕಾಣುತ್ತಿದೆ ಅಂದರೆ ನೀರು ಸಾಲದೆ ಬಂದಿದೆ. ಇನ್ನಷ್ಟು ಹಾಕಿ ಮತ್ತೆ ಕಾಯಿರಿ.

ಬಕೆಟ್‌ನ ಬಾಯಿಯವರೆಗೆ ಒಣ ಪಲ್ಪ್ ತುಂಬಿ ಮೇಲಿಂದ ನೀರು ಸುರಿಯುವವರನ್ನು ನೋಡಿದ್ದೇನೆ. ಅದು ಎರಡು ಮೂರು ಪಟ್ಟು ಉಬ್ಬುತ್ತದೆ ಅಂತ ಗೊತ್ತಿರುವುದಿಲ್ಲ. ಅರ್ಧ ನೆಲಕ್ಕೆ, ಉಳಿದರ್ಧದ ನಡುವೆ ನೀರೇ ಇಳಿದಿರುವುದಿಲ್ಲ. ದೊಡ್ಡ ಬಾನಿ ತೆಗೆದುಕೊಳ್ಳಿ, ಅಷ್ಟೇ.

ಹುಳಿ ವಾಸನೆ, ಮೇಲೆ ನೊರೆ

ಇದು ಮೈಸೂರಿನ ಮಾರ್ಚ್, ಏಪ್ರಿಲ್‌ನ ಕಾಯಿಲೆ. ಚಳಿ ದೇಶದವರು ರಾತ್ರಿ ನೆನೆಹಾಕಿ ಬೆಳಿಗ್ಗೆ ಕೊಡಿ ಅಂತ ಬರೆದಿರುತ್ತಾರೆ, ಅವರಿಗೆ ಸರಿ. ಇಲ್ಲಿ ಮಧ್ಯಾಹ್ನ 35 ಡಿಗ್ರಿ ಮುಟ್ಟುವ ದಿನಗಳಲ್ಲಿ, ಅದೂ ಶೀಟು ಹೊದಿಸಿದ ಲಾಯದ ಮೂಲೆಯಲ್ಲಿ, ಸಂಜೆ ನೆನೆಹಾಕಿದ್ದು ಬೆಳಿಗ್ಗೆಗೆ ಹುದುಗು ಬಂದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಅದೇ ಬಕೆಟ್ ಅದೇ ಹೊತ್ತಿಗೆ ಚೆನ್ನಾಗೇ ಇರುತ್ತದೆ. ಹಾಗಾಗಿ "ಇಷ್ಟು ದಿನ ಹೀಗೇ ಮಾಡುತ್ತಿದ್ದೆವು, ಏನೂ ಆಗಿರಲಿಲ್ಲ" ಅನ್ನುವ ಮಾತು ಬೇಸಿಗೆ ಶುರುವಿನಲ್ಲಿ ಜಾಸ್ತಿ ಕೇಳುತ್ತದೆ.

ಒಳ್ಳೆಯ ಪಲ್ಪಿಗೆ ಒದ್ದೆ ಮಣ್ಣು, ಒಣ ಸೊಪ್ಪು ಬೆರೆತಂಥ ಮಂದ ವಾಸನೆ. ಹೆಂಡದ ವಾಸನೆ, ವಿನೆಗರ್ ವಾಸನೆ, ಗುಳ್ಳೆ, ಮೇಲೆ ಲೋಳೆ, ಇವುಗಳಲ್ಲಿ ಒಂದಿದ್ದರೂ ತಿಪ್ಪೆಗೆ ಹಾಕಿ. ತೊಳೆದು ಕೊಡೋಣ, ಬೆಲ್ಲ ಸೇರಿಸಿ ಕೊಡೋಣ ಅನ್ನುವ ಯೋಚನೆ ಬೇಡ. ಬೇಸಿಗೆಯಲ್ಲಿ ಕೊಡುವ ಹೊತ್ತಿಗೆ ಎರಡು ಗಂಟೆ ಮೊದಲು ಬಿಸಿನೀರು ಹಾಕುವುದು ಒಳ್ಳೆಯದು. ಬೆಳಗಿನದ್ದನ್ನು ಸಂಜೆಗೆ ಇಡಬೇಡಿ, ಎರಡು ಸಲ ಬೇರೆ ಬೇರೆ ನೆನೆಸಿ.

ಹೊಸದಾಗಿ ನೆನೆಸಿದ್ದೂ ಬೇಗ ಹುಳಿ ಬರುತ್ತಿದ್ದರೆ ಪಾತ್ರೆ ನೋಡಿ. ಪ್ಲಾಸ್ಟಿಕ್ ಬಕೆಟ್‌ನ ಒಳಮೈ ಉಗುರಿನಿಂದ ಕೆರೆದರೆ ಜಾರುವ ಪದರ ಬರುತ್ತದೆ. ನಿನ್ನೆಯ ಹುದುಗು ಅಲ್ಲೇ ಕೂತಿರುತ್ತದೆ. ದಿನಾ ಬ್ರಷ್ ಹಾಕಿ ಉಜ್ಜಿ, ಬಿಸಿಲಿಗೆ ಮಗುಚಿಡಿ.

ಮೂಸಿ ನೋಡಿ ಮುಖ ತಿರುಗಿಸುತ್ತದೆ

ಮೊದಲು ನೀವೇ ಮೂಸಿ. ವಾಸನೆ ಸರಿಯಿದ್ದರೆ ಅದು ಹೊಸದು ಅನ್ನುವ ಬಿಂಕ, ಅಷ್ಟೇ. ದಿನಾ ತಿನ್ನುವ ನೆನೆದ ಹುರುಳಿಯಲ್ಲೋ ಬೂಸಾದಲ್ಲೋ ಒಂದು ಹಿಡಿ ಬೆರೆಸಿ, ಒಂದು ಕ್ಯಾರೆಟ್ ಸಣ್ಣಗೆ ಹೆಚ್ಚಿ ಹಾಕಿ, ವಾರದಲ್ಲಿ ದಾರಿಗೆ ಬರುತ್ತದೆ. ಕೆಲವು ಕುದುರೆಗೆ ಗಂಜಿಯಂತಿದ್ದರೆ ಆಗದು, ಹೆಚ್ಚಿನ ನೀರು ಬಸಿದು ಕೊಟ್ಟರೆ ತಿನ್ನುತ್ತವೆ.

ಟಾಂಗಾ ಕುದುರೆಗೆ ಬೆಲ್ಲ ಕೊಟ್ಟು ಅಭ್ಯಾಸ ಇರುವವರು ಇಲ್ಲೂ ಬೆಲ್ಲ ಹಾಕಿಬಿಡುತ್ತಾರೆ. ದುಡಿಯುವ, ತೆಳ್ಳಗಿನ ಕುದುರೆಗೆ ಒಂದು ಚೂರು ಹೋದರೆ ಆಕಾಶ ಬೀಳುವುದಿಲ್ಲ. ಕತ್ತಿನ ಮೇಲೆ ಕೊಬ್ಬು ದಪ್ಪ ಕಟ್ಟಿರುವ, ಹಿಂದೆ ಗೊರಸಿನ ಉರಿ (ಲ್ಯಾಮಿನೈಟಿಸ್) ಬಂದಿರುವ ಕುದುರೆಗೆ ಬೆಲ್ಲವೂ ಬೇಡ, ಕಾಕಂಬಿ ಹಾಕಿದ ಪಲ್ಪೂ ಬೇಡ. ಬೇರೆ ಸಿಗದಿದ್ದರೆ ನೆನೆಸಿ, ಆ ಕಂದು ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು ಕೊಡಿ. ಸಕ್ಕರೆ ಬಹುಪಾಲು ನೀರಿನ ಜೊತೆ ಹೋಗುತ್ತದೆ.

ಮೊದಲು ಚೆನ್ನಾಗಿ ತಿಂದು ಈಗ ಬಿಟ್ಟಿದ್ದರೆ ಮಾತು ಬೇರೆ. ತಿನ್ನುತ್ತಾ ತಿನ್ನುತ್ತಾ ತಲೆ ಓರೆ ಮಾಡಿದರೆ, ಅಗಿದ ಹುಲ್ಲಿನ ಉಂಡೆ ಬಾಯಿಂದ ಉದುರಿಸಿದರೆ ಹಲ್ಲು. ಹುಲ್ಲನ್ನೂ ಬಿಟ್ಟು ಮಂಕಾಗಿ ನಿಂತರೆ, ಪಕ್ಕೆ ನೋಡಿಕೊಂಡರೆ, ನೆಲ ಕೆರೆದರೆ ಅದು ಹೊಟ್ಟೆನೋವು. ಡಾಕ್ಟರಿಗೆ ಫೋನ್ ಮಾಡಿ, ಪಲ್ಪ್ ಬಗ್ಗೆ ಚರ್ಚೆ ಆಮೇಲೆ.

ಲದ್ದಿ ತೆಳುವಾಗಿದೆ

ಸ್ವಲ್ಪ ಮೆತ್ತಗಾಗುವುದು ಸಹಜ, ಅಷ್ಟು ನೀರು ಒಳಗೆ ಹೋಗಿದೆ ಅಲ್ವಾ. ಉಂಡೆ ಕಟ್ಟಿ ಬಿದ್ದು, ಬಿದ್ದ ಮೇಲೆ ಒಡೆದರೆ ತೊಂದರೆ ಇಲ್ಲ. ಸಗಣಿಯ ಹಾಗೆ ಬಿದ್ದು ಹರಡಿದರೆ ಏನೋ ಅವಸರ ಆಗಿದೆ ಅಂತ ಅರ್ಥ. ಕರುಳಿನ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ದಿನಗಳು ಬೇಕು. ಮೊದಲ ದಿನ ಒಣ ತೂಕದಲ್ಲಿ 200 ಗ್ರಾಂ, ಅಲ್ಲಿಂದ 7ರಿಂದ 10 ದಿನದಲ್ಲಿ ಬೇಕಾದಷ್ಟಕ್ಕೆ ಏರಿಸುವುದು ಸರಿಯಾದ ಕ್ರಮ.

ಒಂದು ಕಡ್ಡಿ ತೆಗೆದುಕೊಂಡು ಲದ್ದಿ ಬಿಡಿಸಿ ನೋಡಿ. ಇಡೀ ಇಡೀ ಓಟ್ಸ್, ಹುರುಳಿ ಕಾಳು ಕಂಡರೆ ಅಗಿಯುತ್ತಿಲ್ಲ, ಹಲ್ಲು ತೋರಿಸಿ. ಒಂದು ಬೆರಳಿಗಿಂತ ಉದ್ದದ ಹುಲ್ಲಿನ ಎಳೆ ಕಂಡರೂ ಅದೇ ಮಾತು. ಹುಳು ಕಂಡರೆ ಹೇಳಬೇಕಾಗಿಲ್ಲ. ಇದ್ಯಾವುದೂ ಇಲ್ಲದೆ ಬರೀ ತೆಳುವಾಗಿದ್ದರೆ ಆ ವಾರ ಇನ್ನೇನು ಬದಲಾಯಿತು ಅಂತ ಯೋಚಿಸಿ. ಮುಂಗಾರಿನ ಮೊದಲ ಮಳೆ ಬಿದ್ದು ಎಳೆ ಹುಲ್ಲು ಬಂದಿರುತ್ತದೆ, ಕುದುರೆ ಮೇಯಲು ಹೋಗಿರುತ್ತದೆ, ಬೈಗುಳ ಮಾತ್ರ ಬಕೆಟ್ಟಿಗೆ. ಅನುಮಾನ ಇದ್ದರೆ ಪಲ್ಪನ್ನು ಅರ್ಧಕ್ಕೆ ಇಳಿಸಿ ನಾಲ್ಕು ದಿನ ನೋಡಿ. ಆ ನಾಲ್ಕು ದಿನ ಬೇರೆ ಏನನ್ನೂ ಮುಟ್ಟಬೇಡಿ. ಪಲ್ಪ್ ಕಮ್ಮಿ ಮಾಡಿ, ಬೂಸಾ ನಿಲ್ಲಿಸಿ, ಹುಳದ ಔಷಧಿಯನ್ನೂ ಅದೇ ದಿನ ಕೊಟ್ಟರೆ ಯಾವುದರಿಂದ ಸರಿಹೋಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ತೆಳು ಲದ್ದಿಯ ಜೊತೆ ಗೊರಸು ಬಿಸಿಯಾಗಿದ್ದರೆ, ಮುಂಗಾಲು ಮುಂದಕ್ಕೆ ಚಾಚಿ ಭಾರವೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದರೆ ಲ್ಯಾಮಿನೈಟಿಸ್. ಕಾಯಬೇಡಿ.

ಬಕೆಟ್‌ಗಟ್ಟಲೆ ತಿನ್ನುತ್ತದೆ, ಮೈಕೈ ತುಂಬಿಕೊಳ್ಳುತ್ತಿಲ್ಲ

ಇದರಲ್ಲಿ ಮೋಸ ಹೋಗದವರು ಕಮ್ಮಿ. ಬಕೆಟ್ ತುಂಬಾ ಇದೆ, ಎತ್ತಿದರೆ ಭಾರ ಇದೆ, ಕುದುರೆಗೆ ಹೊಟ್ಟೆ ತುಂಬಾ ಹಾಕಿದ ತೃಪ್ತಿ ನಮಗೆ. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಒಣ ಗುಳಿಗೆಗೆ ನಾಲ್ಕು ಲೀಟರ್ ನೀರು ಹಾಕಿದರೆ ಐದು ಕಿಲೋ ನೆಂದ ಪಲ್ಪ್ ಆಯಿತು. ಅದರಲ್ಲಿ ಮೂರು ಕಿಲೋ ತೂಗಿ ಹಾಕಿದರೆ ಕುದುರೆಗೆ ಹೋದದ್ದು 600 ಗ್ರಾಂ ಪಲ್ಪ್, ಉಳಿದದ್ದು ನೀರು. ಒಂದು ಕಿಲೋ ಒಣ ಪಲ್ಪಿನಲ್ಲಿ ಸುಮಾರು 2.8 ಮೆಗಾಕ್ಯಾಲರಿ ಇರುತ್ತದೆ. ಅಂದರೆ ಈ ಕುದುರೆಗೆ ಸಿಕ್ಕಿದ್ದು ಸುಮಾರು 1.7. 400 ಕಿಲೋ ತೂಗುವ ಕುದುರೆ ಯಾವ ಕೆಲಸವೂ ಇಲ್ಲದೆ ಸುಮ್ನೆ ನಿಂತಿದ್ದರೂ ದಿನಕ್ಕೆ ಸುಮಾರು 13 ಮೆಗಾಕ್ಯಾಲರಿ ಬೇಕು. ಎಂಟರಲ್ಲಿ ಒಂದು ಪಾಲು ಕೊಟ್ಟು ಮೈ ಬರಲಿ ಅಂದರೆ ಎಲ್ಲಿಂದ ಬರಬೇಕು?

ಹಾಗಾಗಿ ಯಾವತ್ತೂ ಒಣಗಿದ್ದಾಗಲೇ ತೂಗಿ. ಚೊಂಬಿನ ಲೆಕ್ಕ ಬಿಟ್ಟು ಒಂದು ಸಲವಾದರೂ ತಕ್ಕಡಿ ಇಡಿ, ಏಕೆಂದರೆ ಒಂದು ಚೊಂಬು ಚೂರಿಗೂ ಒಂದು ಚೊಂಬು ಗುಳಿಗೆಗೂ ತೂಕದಲ್ಲಿ ತುಂಬಾ ವ್ಯತ್ಯಾಸ.

ಶಕ್ತಿಯ ಲೆಕ್ಕದಲ್ಲಿ ಪಲ್ಪ್ ಒಣಹುಲ್ಲಿಗಿಂತ ಮೇಲೆ, ಓಟ್ಸ್‌ಗಿಂತ ಸ್ವಲ್ಪ ಕೆಳಗೆ. ಓಟ್ಸ್‌ನಂತೆ ತಲೆಗೇರುವುದಿಲ್ಲ, ಏಕೆಂದರೆ ಪಿಷ್ಟ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕಾಕಂಬಿ ಇಲ್ಲದ ಪಲ್ಪ್ ಹಾಕಿದ ಮೇಲೆ ಕುದುರೆ ಕುಣಿಯುತ್ತಿದೆ ಅಂತ ಯಾರಾದರೂ ಅಂದರೆ ಓಟ್ಸ್ ಎಷ್ಟು, ಕೆಲಸ ಎಷ್ಟು ಅಂತ ವಿಚಾರಿಸಿ. ಪ್ರೋಟೀನ್ ಶೇಕಡ 8ರಿಂದ 10, ಕೊಬ್ಬು ಬಹಳ ಕಮ್ಮಿ, ವಿಟಮಿನ್ ಎ, ಇ ಲೆಕ್ಕಕ್ಕಿಲ್ಲ. ಅದರ ಜೊತೆ ಹಸಿರು ಮೇವು, ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಇರಲೇಬೇಕು. ಮೇವಿನಲ್ಲಿ ಉದ್ದದ ಹುಲ್ಲು ಸಾಕಷ್ಟು ಇರಬೇಕು. ಹಲ್ಲಿಲ್ಲದ ಮುದಿ ಕುದುರೆಗೆ ಮಾತ್ರ ನೆನೆಸಿದ ಪಲ್ಪ್ ಹುಲ್ಲಿನ ಜಾಗವನ್ನು ದೊಡ್ಡ ಮಟ್ಟದಲ್ಲಿ ತುಂಬಬಹುದು. ನನ್ನ ಪ್ರಕಾರ ಈ ಮೇವಿನ ನಿಜವಾದ ಬೆಲೆ ಗೊತ್ತಾಗುವುದೂ ಅಲ್ಲೇ.

ಮೂತ್ರ ಕೆಂಪಗಿದೆ, ಬೀಟ್‌ರೂಟ್ ತಿಂದಿದೆಯಲ್ಲ?

ಇಲ್ಲ. ಪಲ್ಯಕ್ಕೆ ಹಾಕುವ ಕೆಂಪು ಗೆಡ್ಡೆ ಬೇರೆ, ಸಕ್ಕರೆ ಬೀಟ್ ಬೇರೆ. ಅದು ಬೆಳ್ಳಗಿರುತ್ತದೆ, ಅದರ ಪಲ್ಪ್ ಬೂದು ಬಣ್ಣ. ಅದರಿಂದ ಮೂತ್ರ ಕೆಂಪಾಗುವುದಿಲ್ಲ. ಕೆಲಸ ಮಾಡಿ ಬಂದ ಕುದುರೆ ಕಾಫಿ ಬಣ್ಣದ ಮೂತ್ರ ಮಾಡಿ, ಹಿಂಗಾಲು ಬಿಗಿದು ಹೆಜ್ಜೆ ಕಿತ್ತಿಡಲಾರದೆ ನಿಂತರೆ ಸ್ನಾಯು ಒಡೆಯುತ್ತಿದೆ ಅಂತ ಅರ್ಥ. ನಡೆಸಬೇಡಿ, ನಿಂತಲ್ಲೇ ನಿಲ್ಲಿಸಿ ಡಾಕ್ಟರನ್ನು ಕರೆಸಿ. ದಸರಾ ಸಮಯದಲ್ಲಿ ನಾಲ್ಕು ದಿನ ಸುಮ್ಮನೆ ಕಟ್ಟಿಹಾಕಿ, ಕಾಳು ಮಾತ್ರ ಎಂದಿನಷ್ಟೇ ಹಾಕಿ, ಐದನೆಯ ದಿನ ಒಮ್ಮೆಗೇ ದುಡಿಸಿದರೆ ಇದು ಬರುವುದು ಜಾಸ್ತಿ.

ಬೂಸಾ, ನೇಪಿಯರ್, ಮೂಳೆ

ಇಲ್ಲಿ ಪುಸ್ತಕದ ಸಲಹೆಯನ್ನು ನಮ್ಮ ಊರಿಗೆ ಹೊಂದಿಸಿಕೊಳ್ಳಬೇಕು. ಪಲ್ಪಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ರಂಜಕ ಕಮ್ಮಿ: ಕಿಲೋಗೆ ಸುಮಾರು 9 ಗ್ರಾಂ ಮತ್ತು 1 ಗ್ರಾಂ. ಹೊರದೇಶದವರು ಇದನ್ನೇ ಎಚ್ಚರಿಕೆ ಅಂತ ಬರೆಯುತ್ತಾರೆ, ಏಕೆಂದರೆ ಅಲ್ಲಿ ಇದರ ಜೊತೆ ಕ್ಯಾಲ್ಸಿಯಂ ತುಂಬಿದ ಕುದುರೆ ಮಸಾಲೆ ಹುಲ್ಲನ್ನೂ ಯಥೇಚ್ಛ ಹಾಕುತ್ತಾರೆ. ನಮ್ಮ ಕಥೆ ಉಲ್ಟಾ. ನಮ್ಮಲ್ಲಿ ಕುದುರೆಗೆ ಬೂಸಾ ಹೋಗುತ್ತದೆ. ಗೋಧಿ ಬೂಸಾದಲ್ಲಿ ಕಿಲೋಗೆ 11, 12 ಗ್ರಾಂ ರಂಜಕ, ಕ್ಯಾಲ್ಸಿಯಂ ಒಂದು ಗ್ರಾಂ ಚಿಲ್ಲರೆ. ಅಕ್ಕಿ ತೌಡಿನಲ್ಲಿ ರಂಜಕ ಇನ್ನೂ ಜಾಸ್ತಿ. ಹಸಿರು ಅಂದರೆ ನಾಲೆ ಬಯಲಲ್ಲಿ ಬೆಳೆಯುವ ನೇಪಿಯರ್ ಹುಲ್ಲು. ಅದರಲ್ಲಿ ಆಕ್ಸಲೇಟ್ ಅನ್ನುವ ಅಂಶ ಇದೆ, ಅದು ಇರುವಷ್ಟು ಕ್ಯಾಲ್ಸಿಯಮ್ಮನ್ನೂ ಕುದುರೆಗೆ ದಕ್ಕದ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಭತ್ತದ ಹುಲ್ಲಿನಿಂದಲೂ ದೊಡ್ಡ ಸಹಾಯ ಇಲ್ಲ.

ಹೀಗೆ ತಿಂಗಳುಗಟ್ಟಲೆ ನಡೆದರೆ ಕುದುರೆಯ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯಲು ಶುರು ಮಾಡುತ್ತದೆ. ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಕುಂಟುವುದು, ಹಲ್ಲು ಸಡಿಲವಾಗುವುದು, ಕೊನೆಗೆ ಮುಖದ ಮೂಳೆ ಎರಡೂ ಕಡೆ ಊದಿಕೊಳ್ಳುವುದು. ಲಾಳ ಹೊಡೆಯುವವರನ್ನು ಬದಲಾಯಿಸಿ ಬದಲಾಯಿಸಿ ಸಾಕಾದ ಕುಂಟು ಇದ್ದರೆ ಮೇವಿನ ಪಟ್ಟಿ ಬರೆದು ಡಾಕ್ಟರ ಮುಂದಿಡಿ.

ಇಂಥ ಪಟ್ಟಿಗೆ ಪಲ್ಪ್ ಬಂದರೆ ಕೆಡುವುದಕ್ಕಿಂತ ಸರಿಹೋಗುವುದೇ ಜಾಸ್ತಿ. ಒಂದು ಕಿಲೋ ಒಣ ಪಲ್ಪಿಗೆ ಅರ್ಧ ಕಿಲೋ ಬೂಸಾ ಸೇರಿಸಿದರೆ ಕ್ಯಾಲ್ಸಿಯಂ ಸುಮಾರು 9.6 ಗ್ರಾಂ, ರಂಜಕ 6.7 ಗ್ರಾಂ ಬರುತ್ತದೆ. ದೊಡ್ಡ ಕುದುರೆಗೆ ಇದು ಹೊಂದುವ ಪ್ರಮಾಣ. ಇದನ್ನೇ ತಿರುಗಿಸಿ ಎರಡು ಕಿಲೋ ಬೂಸಾಗೆ ಅರ್ಧ ಕಿಲೋ ಪಲ್ಪ್ ಹಾಕಿದರೆ ಮತ್ತೆ ರಂಜಕವೇ ಮೇಲಾಗುತ್ತದೆ. ಬೂಸಾ ಪೂರ್ತಿ ನಿಲ್ಲಿಸಿ ಬರೀ ಪಲ್ಪ್ ಮತ್ತು ಕುದುರೆ ಮಸಾಲೆ ಮೇಲೆ ಬಿಟ್ಟರೆ ಆಗ ರಂಜಕ ಸಾಲದೆ ಹೋಗಬಹುದು. ಬೆಳೆಯುವ ಮರಿ, ಗಬ್ಬದ ಕುದುರೆ ಇದ್ದರೆ ಈ ಲೆಕ್ಕವನ್ನು ನನ್ನ ಮಾತಿನ ಮೇಲೆ ಬಿಡಬೇಡಿ, ತಿಳಿದವರಿಂದ ಮಾಡಿಸಿ.

"ನಮ್ಮ ಕಬ್ಬಿನ ರಚ್ಚು ಆಗಲ್ವಾ?"

ಮಂಡ್ಯದವರು ಕೇಳಿಯೇ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರು, ಹಳ್ಳಿ ಹಳ್ಳಿಗೆ ಆಲೆಮನೆ, ಹೊರಗಿಂದ ಬಂದ ದುಬಾರಿ ಚೀಲ ಯಾಕೆ ಅಂತ. ಆದರೆ ಕಬ್ಬಿನ ಸಿಪ್ಪೆ ಕಟ್ಟಿಗೆಯ ಜಾತಿ. ಅದರಲ್ಲಿ ಐದರಲ್ಲೊಂದು ಪಾಲಿನಷ್ಟು ಲಿಗ್ನಿನ್, ಅದನ್ನು ಕುದುರೆಯ ಕರುಳು ಕರಗಿಸಲಾರದು. ಒಲೆಗೆ ಹಾಕಿದರೆ ಚೆನ್ನಾಗಿ ಉರಿಯುವುದೂ ಅದಕ್ಕೇ. ಬೀಟ್‌ನ ನಾರಿನಲ್ಲಿ ಲಿಗ್ನಿನ್ ತೀರಾ ಕಮ್ಮಿ. ಯಾರೋ ರಚ್ಚು ನೆನೆಸಿ ಬೀಟ್ ಪಲ್ಪಿನಂತೆ ಹಾಕಿ, ಎರಡು ದಿನ ಲದ್ದಿ ಬಾರದೆ ಹೊಟ್ಟೆನೋವು ಶುರುವಾಗಿದ್ದರೆ ಕರುಳು ಕಟ್ಟಿದೆ ಅಂತಲೇ ತಿಳಿದು ಡಾಕ್ಟರನ್ನು ಕರೆಸಿ. ಪಲ್ಪ್ ಸಿಗದ ತಿಂಗಳಲ್ಲಿ ಸೋಯಾ ಹೊಟ್ಟು ಹತ್ತಿರದ ಬದಲಿ. ಅದನ್ನೂ ನೆನೆಸಿ, ನಿಧಾನಕ್ಕೇ ಶುರು ಮಾಡಿ.

ಮಳೆಗಾಲದ ಚೀಲ

ಜೂನ್‌ನಿಂದ ಒಣ ಪಲ್ಪ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಮೇಲೆ ಇಡಿ. ಒಡೆದ ಚೀಲವನ್ನು ಮುಚ್ಚಳವಿರುವ ಡ್ರಮ್ಮಿಗೆ ಸುರಿಯಿರಿ. ಸುರಿಯುವ ಮೊದಲು ಹಳೆಯ ತಳ ಖಾಲಿ ಮಾಡಿ ಒರೆಸಿ, ಹಳತರ ಮೇಲೆ ಹೊಸತು ಸುರಿಯುತ್ತಾ ಹೋದರೆ ತಳದಲ್ಲಿ ಬೂಷ್ಟು ಬೆಳೆಯುತ್ತಲೇ ಇರುತ್ತದೆ. ಗಂಟುಗಂಟಾಗಿದ್ದರೆ, ಒಡೆದಾಗ ಬಿಳಿ ಅಥವಾ ಹಸಿರು ಪುಡಿ ಹಾರಿದರೆ, ಮುಗ್ಗಲು ವಾಸನೆ ಇದ್ದರೆ ಆ ಡ್ರಮ್ಮೇ ಹೋಯಿತು ಅಂದುಕೊಳ್ಳಿ. ಗಂಟು ಮಾತ್ರ ತೆಗೆದು ಉಳಿದದ್ದನ್ನು ಹಾಕುವ ಲೆಕ್ಕಾಚಾರ ಬೇಡ, ಬೂಷ್ಟಿನ ವಿಷ ಕಣ್ಣಿಗೆ ಕಾಣುವುದಿಲ್ಲ, ನೆನೆಸಿದರೂ ಹೋಗುವುದಿಲ್ಲ. ಇರುವೆ ಬಂದಿದ್ದರೆ ಕಾಕಂಬಿ ಇರುವ ಚೀಲ ಅಂತ ತಿಳಿಯುತ್ತದೆ, ಅದರಿಂದ ದೊಡ್ಡ ನಷ್ಟವಿಲ್ಲ, ಬಿಸಿಲಿಗೆ ಹರಡಿ ಓಡಿಸಿ.

ಹೀಗೆ ಚೀಲ ಕೆಟ್ಟು ಪಲ್ಪ್ ಥಟ್ಟನೆ ನಿಲ್ಲಿಸಬೇಕಾಗಿ ಬಂದರೆ, ಅದರ ಜಾಗಕ್ಕೆ ಆವತ್ತೇ ಕಾಳು ಏರಿಸಬೇಡಿ. ಒಣಹುಲ್ಲು ಜಾಸ್ತಿ ಮಾಡಿ, ಆ ದಿನಗಳಲ್ಲಿ ಕೆಲಸ ಕಮ್ಮಿ ಕೊಡಿ. ಹೊಸ ಚೀಲ ಬರುವುದು ವಾರ ಮೀರಿದರೆ ಮತ್ತೆ 200 ಗ್ರಾಂನಿಂದಲೇ ಶುರು.